ಬೂದಿಯ ಪಂಚನಾಮೆ

ಶ್ವೇತಾಳಿಗೆ ತೆರಿಗೆ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಪೇಡೆ ಹಂಚಿದ ದಿನ, ಅವಳು ನನ್ನ ಪಕ್ಕದಲ್ಲಿ ಬಂದು ಕುಳಿತು, "ಆಯೀ, ನೀನೂ ಟ್ಯಾಕ್ಸ್ ಆಫೀಸಿನಾಗೇ ಇದ್ದಿಯಂತಲ್ಲ, ಅಲ್ಲಿ ಏನ್ ಮಾಡ್ತಿದ್ದಿ?" ಎಂದು ಕೇಳಿದಳು. "ಬೂದಿ ನೋಡ್ತಿದ್ದೆ" ಎಂದೆ. ಉಳಿದ ಮೊಮ್ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನಾನು ಹೇಳಿದ್ದು ನಿಜ. ಬಾಯಿಂದ ವಿವರಿಸಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಆಯಿತು, ಪಗಾರ ಎಷ್ಟಿತ್ತು ಎಂಬುದನ್ನು ಬರೆಯುವುದಿಲ್ಲ. ಅದರಲ್ಲಿ ನಿಮಗೆ ಉಪಯೋಗವಾಗುವಂಥದ್ದು ಏನೂ ಇಲ್ಲ.

ನಾನು ನಾರಾಯಣಪುರದ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ನಿಮ್ಮ ಅಜ್ಜ ಹುಮನಾಬಾದಿನ ಜಕಾತಿ ನಾಕೆಯಲ್ಲಿ ರಸೀದಿ ಬರೆಯುತ್ತಿದ್ದರು. ಅವರು ಕಾಮಾಲೆಯಾಗಿ ತೀರಿಕೊಂಡಾಗ ನಿಮ್ಮಪ್ಪನಿಗೆ ಎರಡು ವರ್ಷ. ಅವರ ಜಾಗದಲ್ಲಿ ನನ್ನನ್ನು ಕಚೇರಿಯೊಳಗಿನ ಕೆಲಸಕ್ಕೆ ತೆಗೆದುಕೊಂಡರು. ಜಕಾತಿ ಎಂದರೆ ಊರೊಳಗೆ ಬರುವ ಮಾಲಿನ ಮೇಲಿನ ಸುಂಕ. ಸೊಲ್ಲಾಪುರದಿಂದ ಬಟ್ಟೆ ಬರಲಿ, ಹೈದರಾಬಾದಿನಿಂದ ಬಳೆ ಬರಲಿ, ಲಾರಿ ಊರ ಬಾಯಲ್ಲಿನ ನಾಕೆಯಲ್ಲಿ ನಿಲ್ಲಬೇಕು, ಸುಂಕ ಕಟ್ಟಬೇಕು, ಆಮೇಲೆ ಒಳಗೆ ಬರಬೇಕು. ಹಾಗೆ ಬಂದ ಮಾಲು ಮಾರಾಟವಾಗುವ ಮೊದಲೇ ಬೆಂಕಿಗೆ ಸಿಕ್ಕು ಸುಟ್ಟುಹೋದರೆ ಕಟ್ಟಿದ ಸುಂಕವನ್ನು ಹಿಂದಿರುಗಿಸಬೇಕೆಂದು ನಮ್ಮ ನಿಯಮದಲ್ಲಿತ್ತು. ಊರಿನವರು ಬಳಸದ ಮಾಲಿಗೆ ಸುಂಕ ಯಾಕೆ ಎಂಬುದು ಅದರ ನ್ಯಾಯ.

ಆದರೆ ಏನು ಸುಟ್ಟಿತು, ಎಷ್ಟು ಸುಟ್ಟಿತು ಎಂಬುದನ್ನು ಯಾರಾದರೂ ಹೋಗಿ ನೋಡಬೇಕಲ್ಲ? ಅದು ಕೈ ಮೈ ಮಸಿಯಾಗುವ ಕೆಲಸ. ಇಸ್ತ್ರಿ ಅಂಗಿಯ ಗುಮಾಸ್ತರಿಗೆ ಯಾರಿಗೂ ಬೇಡವಾಗಿತ್ತು. ಹಾಗಾಗಿ ಅದು ಇಬ್ಬರ ಪಾಲಿಗೆ ಬಂತು. ಒಬ್ಬರು ನಮ್ಮ ಕಚೇರಿಯ ಅಧಿಕಾರಿ ಖಾಜಾ ಸಾಹೇಬರು, ಇನ್ನೊಬ್ಬಳು ನಾನು.

ಖಾಜಾ ಸಾಹೇಬರು ನಿಜಾಮನ ಕಾಲದ ಕರೋಡಗಿರಿಯಲ್ಲಿ, ಅಂದರೆ ಆಗಿನ ಸುಂಕದ ಇಲಾಖೆಯಲ್ಲಿ, ಹುಡುಗನಾಗಿದ್ದಾಗಲೇ ಸೇರಿದವರು. ಅವರ ದಫ್ತರವೆಲ್ಲ ಉರ್ದುವಿನಲ್ಲಿತ್ತು. ರಾಜ್ಯ ಒಂದಾಗಿ ಕಚೇರಿಗೆ ಕನ್ನಡ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಮೊಮ್ಮಗಳ ಅಂಕಲಿಪಿ ಇಟ್ಟುಕೊಂಡು ಕನ್ನಡ ಅಕ್ಷರ ಕಲಿತರು. ಓದುತ್ತಿದ್ದರು, ಆದರೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು. ಬರೆಯುವುದು ನನ್ನ ಕೆಲಸ. ಅವರು ಹೇಳುವುದು, ನಾನು ಬರೆಯುವುದು. ನಾನು ಗಂಡಸರ ಮುಖ ನೋಡಿ ಮಾತಾಡಲಾರೆ ಎಂಬುದನ್ನು ಅವರು ಮೊದಲ ದಿನವೇ ಗಮನಿಸಿದರು. ಮರುದಿನ ಬಂದು ನೋಡಿದರೆ ನನ್ನ ಮೇಜು ಕಿಟಕಿಯ ಕಡೆಗೆ ತಿರುಗಿತ್ತು. ಬರುವವರು ನನ್ನ ಬೆನ್ನಿಗೆ ಮಾತಾಡುತ್ತಿದ್ದರು, ನಾನು ಕಾಗದಕ್ಕೆ ಮುಖ ಕೊಟ್ಟು ಕೆಲಸ ಮಾಡುತ್ತಿದ್ದೆ.

ಬೂದಿ ನೋಡುವುದನ್ನು ಅವರೇ ಕಲಿಸಿದರು. ಮೊದಲು ಮೂಗು, ಆಮೇಲೆ ಬೆರಳು, ಕೊನೆಗೆ ಕಣ್ಣು ಎನ್ನುತ್ತಿದ್ದರು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಮೂರು ದಿನ ಹೋಗುವುದಿಲ್ಲ. ಹತ್ತಿ ಬಟ್ಟೆಯ ಬೂದಿ ಹಿಟ್ಟಿನಂತೆ ಹಗುರ, ಎರಡು ಬೆರಳಲ್ಲಿ ತಿಕ್ಕಿದರೆ ಮಾಯವಾಗುತ್ತದೆ. ಬಿಗಿಯಾಗಿ ಮಡಿಸಿದ ಇಡೀ ಬಟ್ಟೆಯ ಥಾನಾದರೆ ಅಂಚು ಮಾತ್ರ ಬೂದಿ, ಒಳಗೆ ಕರೀ ಪುಸ್ತಕದ ಹಾಳೆಗಳಂತೆ ಮಡಿಕೆ ಉಳಿದಿರುತ್ತದೆ. ಅದನ್ನು ಮುಟ್ಟದೆ, ಉಸಿರು ಬಿಗಿಹಿಡಿದು ಎಣಿಸಬೇಕು. ಸಾಹೇಬರು ಬಿಳೀ ಪೈಜಾಮದ ಮೊಣಕಾಲೂರಿ ಕುಳಿತು ಹಾಗೆ ಎಣಿಸುವುದನ್ನು ನೋಡಿದರೆ ನಮಾಜಿಗೆ ಕುಳಿತಂತೆ ಕಾಣುತ್ತಿತ್ತು.

ಹುಮನಾಬಾದಿನಲ್ಲಿದ್ದಾಗ ಒಬ್ಬ ವ್ಯಾಪಾರಿಯಿಂದ ದರಖಾಸ್ತು, ಅಂದರೆ ಸುಂಕ ವಾಪಸು ಕೇಳುವ ಅರ್ಜಿ, ಬಂತು. ತಂಬಾಕಿನ ಗಂಟುಗಳು ಸುಟ್ಟಿವೆ ಎಂದಿತ್ತು. ಹೋಗಿ ನೋಡಿದೆವು. ಸಾಹೇಬರು ಮೂಸಿ ನೋಡಿದರು. ನಾನು ಬೂದಿಯೊಳಗಿಂದ ಅರ್ಧ ಸುಟ್ಟ ಒಂದು ಕಡ್ಡಿ ತೆಗೆದು ಅವರ ಮುಂದೆ ಇಟ್ಟೆ. ಅದು ತೊಗರಿ ಕಟ್ಟಿಗೆ. ದಿನಾ ಬೆಳಿಗ್ಗೆ ಅದನ್ನೇ ಒಲೆಗೆ ಹಾಕುವ ನನಗೆ ಅದರ ಗಿಣ್ಣು ಗೊತ್ತಾಗದೆ ಇರುತ್ತದೆಯೇ? ಸಾಹೇಬರು ವ್ಯಾಪಾರಿಯ ಹೆಗಲ ಮೇಲೆ ಕೈಯಿಟ್ಟು, "ಸೇಠಜೀ, ನಿಮ್ಮ ತಂಬಾಕು ಇನ್ನಾ ಎಲ್ಲೋ ಜೀವಂತ ಅದ. ಮುನೀಮಗ ಹೇಳಿ ಛಲೋತ್ನಂಗ ಹುಡುಕಿಸ್ರಿ" ಎಂದರು. ಸಂಜೆಯೊಳಗೆ ದರಖಾಸ್ತು ವಾಪಸಾಯಿತು. ಆ ಮನುಷ್ಯನಿಗೆ ಅವಮಾನವೂ ಆಗಲಿಲ್ಲ, ಕಚೇರಿಗೆ ಮೋಸವೂ ಆಗಲಿಲ್ಲ. ಅಂದಿನಿಂದ ಬೂದಿಯ ವಿಷಯದಲ್ಲಿ ಅವರು ನನ್ನನ್ನು ಕೇಳದೆ ಸಹಿ ಹಾಕುತ್ತಿರಲಿಲ್ಲ.

ನನ್ನ ತಪ್ಪುಗಳೂ ಇದ್ದವು. ಒಮ್ಮೆ ಬೀಡಿ ಎಲೆಯ ಬೂದಿಯನ್ನು ನಮೂನೆಗೆಂದು ಕಾಗದದ ಪುಡಿಕೆಯಲ್ಲಿ ಕಟ್ಟಿ, ಕಚೇರಿ ಮುಚ್ಚಿತ್ತೆಂದು ಮನೆಗೆ ತಂದಿದ್ದೆ. ನಮ್ಮ ಅತ್ತೆ ಅದನ್ನು ಯಾವುದೋ ಮಠದ ವಿಭೂತಿ ಎಂದುಕೊಂಡು ದೇವರ ಜಗುಲಿಯ ಮೇಲಿಟ್ಟರು. ಬೆಳಿಗ್ಗೆ ನಾನು ಏಳುವುದರೊಳಗೆ ನಿಮ್ಮಪ್ಪನ ಹಣೆಗೆ, ಎದೆಗೆ, ತೋಳಿಗೆ ಮೂರು ಮೂರು ಬೆರಳು ಎಳೆದು ಕೂರಿಸಿದ್ದರು. ಉಳಿದ ಚಿಟಿಕೆ ಬೂದಿ ಹಿಡಿದು ಅಳುತ್ತಾ ಕಚೇರಿಗೆ ಹೋದೆ. ಸಾಹೇಬರು ಪುಡಿಕೆ ಬಿಚ್ಚಿ ನೋಡಿ, "ಹುಡುಗ ಹುಷಾರ್ ಅದಾನಿಲ್ಲ? ಹಂಗಾದ್ರ ಮಾಲು ಛಲೋದಿತ್ತು ಅಂತ ಬರಿ" ಎಂದರು. ಆಮೇಲೆ ನನ್ನ ಮೇಜಿಗೆ ಬೀಗವಿರುವ ಒಂದು ತಗಡಿನ ಡಬ್ಬಿ ಬಂತು.

ಕೆಲಸದ ರೀತಿ ಬರಬರುತ್ತಾ ಬದಲಾಯಿತು. ಅಚ್ಚಾದ ಫಾರಂಗಳು ಬಂದವು. ವಿಮೆಯವರು ಕ್ಯಾಮೆರಾ ಹಿಡಿದು ಬರತೊಡಗಿದರು. ಅವರು ಬಾಗಿಲಲ್ಲಿ ನಿಂತು ಫೋಟೋ ತೆಗೆದು ಹೋಗುತ್ತಿದ್ದರು, ಬೂದಿ ಮುಟ್ಟುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಜಕಾತಿಯೇ ರದ್ದಾಗಿ ನಾಕೆಯ ಕಂಬ ಕಿತ್ತುಹಾಕಿದರು. ನಾನು ಮನೆಪಟ್ಟಿಯ, ಅಂದರೆ ಮನೆ ಕಂದಾಯದ, ವಿಭಾಗಕ್ಕೆ ಹೋದೆ, ಅಲ್ಲಿಂದಲೇ ನಿವೃತ್ತಳಾದೆ. ಇವೆಲ್ಲ ಬದಲಾಗಬೇಕಾದದ್ದೇ. ಆದರೆ ಶ್ವೇತಾ, ನಿನಗೆ ಹೇಳಲೇಬೇಕೆಂದು ನಾನು ಪೆನ್ನು ಹಿಡಿದದ್ದು ಕಲ್ಲಪ್ಪ ಸಾಹುಕಾರರ ಅಂಗಡಿಯ ಸಂಗತಿಗಾಗಿ.

ಆಗ ಸಾಹೇಬರಿಗೆ ಬಸವಕಲ್ಯಾಣಕ್ಕೆ ವರ್ಗವಾಗಿತ್ತು, ಮರುವರ್ಷ ನನಗೂ ಆಯಿತು. ಟೆರಿಲಿನ್ ಬಟ್ಟೆ ಹೊಸದಾಗಿ ಬಂದ ಕಾಲ ಅದು. ಇಸ್ತ್ರಿ ಬೇಡ, ಮುದುಡುವುದಿಲ್ಲ ಎಂದು ಮದುವೆ ಗಂಡುಗಳೆಲ್ಲ ಅದನ್ನೇ ಕೇಳುತ್ತಿದ್ದರು. ಹತ್ತಿ ಬಟ್ಟೆಗಿಂತ ಬಹಳ ದುಬಾರಿ. ಕಲ್ಲಪ್ಪ ಸಾಹುಕಾರರು ಬಜಾರಿನಲ್ಲಿ ಚಿಕ್ಕ ಅಂಗಡಿ ಇಟ್ಟಿದ್ದ ಐವತ್ತರ ಗೃಹಸ್ಥರು. ಸೊಲ್ಲಾಪುರದ ಒಬ್ಬ ಠೋಕ, ಅಂದರೆ ಸಗಟು, ವ್ಯಾಪಾರಿಯಿಂದ ಉದ್ರಿಯ ಮೇಲೆ ಆರು ಗಂಟು ಬಟ್ಟೆ ತರಿಸಿದರು. ಎರಡು ಗಂಟು ಟೆರಿಲಿನ್, ನಾಲ್ಕು ಹತ್ತಿ. ಜಕಾತಿ ಕಟ್ಟಿ ಒಳಗೆ ತಂದು ಇನ್ನೂ ಗಂಟು ಬಿಚ್ಚಿರಲಿಲ್ಲ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಪಕ್ಕದ ದರ್ಜಿಯ ಇಸ್ತ್ರಿ ಪೆಟ್ಟಿಗೆಯಿಂದ ಕೆಂಡ ಸಿಡಿದು, ನಡುವಿನ ಹಲಗೆ ಗೋಡೆಯ ಸಂದಿಯಿಂದ ಬೆಂಕಿ ಒಳಗೆ ಹೋಯಿತು. ಜನ ಬಾವಿಯಿಂದ ನೀರು ಸೇದಿ ಹಾಕುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಮರುದಿನ ಬೆಳಿಗ್ಗೆ ಸಾಹುಕಾರರು ದರಖಾಸ್ತು ಹಿಡಿದು ಬಂದರು. ಸಾಹೇಬರು ಹುಮನಾಬಾದಿಗೆ ಕಚೇರಿ ಕೆಲಸಕ್ಕೆ ಹೋಗಿದ್ದರು, ಬರಲು ಇನ್ನೂ ಎರಡು ದಿನವಿತ್ತು. ಕಚೇರಿಯಲ್ಲಿ ಆ ಹೊತ್ತಿಗೆ ನಾನೊಬ್ಬಳೇ. ಸಾಹುಕಾರರು ನನ್ನ ಬೆನ್ನ ಹಿಂದೆ ನಿಂತು ಕೇಳಿದರು.

"ಬಾಯೋರ, ನಾಳಿ ಅಮಾಸಿ ಅದ. ಅಂಗಡಿ ಪೂಜಿ ಆಗಬೇಕು. ಸುಟ್ಟದ್ದು ಹಂಗಽ ಇಟ್ಟು ದೀಪ ಹಚ್ಚಲಿಕ್ಕ ಬರಂಗಿಲ್ಲ. ಬೂದಿ ಬಳದು ತಗದು ಸಾರಿಸ್ಲಿ? ನಡೀತದೇನ್ರಿ?"

ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಧಿಕಾರಿ ಬಂದು ನೋಡುವವರೆಗೆ ಸುಟ್ಟ ಜಾಗ ಮುಟ್ಟಬಾರದು, ಮುಟ್ಟಿದರೆ ದರಖಾಸ್ತು ನಿಲ್ಲುವುದಿಲ್ಲ. ಆ ನಿಯಮವನ್ನು ಎಷ್ಟೋ ಸಲ ನನ್ನ ಕೈಯಿಂದಲೇ ಬರೆದಿದ್ದೆ. ಆದರೆ ತಂದೆಯ ವಯಸ್ಸಿನ ಗಂಡಸಿಗೆ, ಅದೂ ದೇವರ ಕೆಲಸಕ್ಕೆ, ಬೇಡ ಎನ್ನಲು ನಾಲಿಗೆ ಏಳಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಹೂಂ" ಎಂದುಬಿಟ್ಟೆ. ಅವರು ಕೈಮುಗಿದು ಹೋದರು.

ಸಾಹೇಬರು ಬಂದ ಮೇಲೆ ಅವರ ಹಿಂದೆ ನಾನೂ ಅಂಗಡಿಗೆ ಹೋದೆ. ಸೆಗಣಿ ಸಾರಿಸಿದ ನೆಲ, ಬಾಗಿಲಿಗೆ ರಂಗೋಲಿ, ಒಡೆದ ತೆಂಗಿನಕಾಯಿ. ಗೋಡೆಯ ಮಸಿ ಬಿಟ್ಟರೆ ಒಂದು ಚಿಟಿಕೆ ಬೂದಿ ಇಲ್ಲ. ಬೂದಿ ಬಳಿದು ತೆಗೆಯಲು ಯಾರು ಹೇಳಿದರು ಎಂದು ಸಾಹೇಬರು ಕೇಳಿದಾಗ ಸಾಹುಕಾರರು, "ಯಾರು ಹೇಳ್ತಾರ್ರಿ? ಅಮಾಸಿ ಅಂತ ನಾನಽ ಬಳದೀನಿ" ಎಂದರು. ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಬಜಾರಿನಲ್ಲಿ ಮಾತು ಹುಟ್ಟಿತ್ತು. ಕಲ್ಲಪ್ಪ ಟೆರಿಲಿನ್ ಗಂಟು ಎರಡನ್ನೂ ಮೊದಲೇ ರಾಜೇಶ್ವರ ಗ್ರಾಮದ ಬೀಗರ ಮನೆಗೆ ಸಾಗಿಸಿ, ಹತ್ತಿ ಬಟ್ಟೆಗಷ್ಟೇ ಬೆಂಕಿ ಇಟ್ಟಿದ್ದಾನೆ, ಇಲ್ಲದಿದ್ದರೆ ಅಷ್ಟು ಬೇಗ ಯಾಕೆ ಗುಡಿಸಿದ ಎಂದು ಚಹದಂಗಡಿಯಲ್ಲಿ ಮಾತಾಡಿಕೊಂಡರು. ಮಾತು ಲಾರಿ ಹತ್ತಿ ಸೊಲ್ಲಾಪುರಕ್ಕೂ ಹೋಯಿತು. ಆರೂ ಗಂಟು ನಿಜವಾಗಿ ಸುಟ್ಟಿವೆ ಎಂದು ಸರಕಾರಿ ಕಾಗದ ತೋರಿಸಿದರೆ ಮಾತ್ರ ಮುಂದೆ ಮಾಲು, ಇಲ್ಲದಿದ್ದರೆ ವ್ಯವಹಾರ ಬಂದ್ ಎಂದು ಅಲ್ಲಿಂದ ಪತ್ರ ಬಂತು. ಉದ್ರಿ ನಿಂತರೆ ಆ ಅಂಗಡಿ ಏಳುವಂತಿರಲಿಲ್ಲ. ಜಕಾತಿ ವಾಪಸಾಗುವುದು ಅವರಿಗೆ ಅಷ್ಟು ದೊಡ್ಡದಲ್ಲ. ಅದರ ಆದೇಶದ ಕಾಗದವೇ ಅವರ ಮಾನ ಮತ್ತು ಅಂಗಡಿ ಎರಡನ್ನೂ ಉಳಿಸಬೇಕಿತ್ತು. ಆ ಕಾಗದ ನನ್ನ ಒಂದು ಹೂಂನಿಂದ ಸಿಗದಂತಾಗಿತ್ತು.

ಆ ಪತ್ರ ಬಂದ ಮೂರನೆಯ ದಿನ ಒಂದು ಹಾಳೆಯಲ್ಲಿ, "ಸಾರಿಸಲು ಹೂಂ ಅಂದವಳು ನಾನು" ಎಂದು ಬರೆದು ಸಾಹೇಬರ ಮುಂದೆ ಇಟ್ಟು ನಿಂತೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದರು. ಸಾ... ರಿ... ಸ... ಲು... ಅಷ್ಟು ಸಣ್ಣ ಸಾಲು ಅಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಓದಿ ಮುಗಿಸಿ ಅವರು ಬೈಯಲಿಲ್ಲ.

"ನೀಲಮ್ಮಾ, ತಪ್ಪು ಸಿಕ್ತು. ಈಗ ಬೂದಿ ಹುಡುಕು. ಅದೇನು ಕಾಲು ಬಂದು ಊರು ಬಿಟ್ಟು ಹೋಗಂಗಿಲ್ಲ. ಎಲ್ಲಿ ಹೋಗಿದ್ದೀತು?"

ಎಲ್ಲಿ ಹೋಗಿರುತ್ತದೆ ಎಂದು ಯೋಚಿಸಿದ ಕೂಡಲೇ ಹೊಳೆಯಿತು. ಬುಟ್ಟಿಗಟ್ಟಲೆ ಬೂದಿ ಬೀದಿಗೆ ಬಂದರೆ ಯಾವ ಹೆಂಗಸು ಬಿಡುತ್ತಾಳೆ? ಆಗ ನಾವೆಲ್ಲ ಪಾತ್ರೆ ತಿಕ್ಕುತ್ತಿದ್ದದ್ದು ಬೂದಿಯಿಂದಲೇ. ನೆರೆಮನೆಯಲ್ಲಿ ಒಲೆಯ ಬೂದಿ ಬಳಿದು ತೆಗೆದರೂ ಕೇಳಿ ತರುತ್ತಿದ್ದೆವು. ಅಂಗಡಿಯ ಬೂದಿ ಹಿಂದಿನ ಓಣಿಯ ಮನೆಗಳಲ್ಲೇ ಇರಬೇಕು. ಆದರೆ ಅದನ್ನು ತರಲು ಮನೆ ಮನೆಯ ಬಾಗಿಲು ಬಡಿದು ಕೇಳಬೇಕು. ಸಾಹೇಬರು ಹೋದರೆ ಹೆಂಗಸರು ಒಳಗೆ ಸೇರುತ್ತಾರೆ. ನಾನೇ ಹೋಗಬೇಕು.

ಮೊದಲನೆಯದು ಗುರುಬಸವ್ವ ಎಂಬ ಮುದುಕಿಯ ಮನೆ. ಹೊಸ್ತಿಲಲ್ಲಿ ನಿಂತು, ಜಕಾತಿ ಕಚೇರಿಯಿಂದ ಬಂದಿದ್ದೇನೆ, ನಿಮ್ಮ ಬೂದಿ ಗಡಿಗೆ ನೋಡಬೇಕಿತ್ತು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕವ್ವಾ, ಈಗ ಬೂದಿಗೂ ಜಕಾತಿ ಹಾಕ್ಯಾರೇನು?"

ಪಕ್ಕದ ಮನೆಯಲ್ಲಿ ಯಾರೋ ಗಡಿಗೆ ಎತ್ತಿಡುವ ಸದ್ದು ಕೇಳಿಸಿತು. ಜಕಾತಿಯವರು ಬಂದರೆಂದು ಓಣಿಯಲ್ಲಿ ಒಬ್ಬೊಬ್ಬರೇ ಬೂದಿ ಬಚ್ಚಿಡತೊಡಗಿದ್ದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಕುಳಿತು, ಹೂಂ ಅಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೆಂಗಸರ ಹತ್ತಿರ ಹೇಳುವುದು ಅಷ್ಟು ಕಷ್ಟವೆನಿಸಲಿಲ್ಲ. ಗುರುಬಸವ್ವ ಕೇಳಿಸಿಕೊಂಡು ಒಳಗೆ ಹೋಗಿ ಗಡಿಗೆಯ ಜೊತೆ ಒಂದು ಹಿತ್ತಾಳೆ ತಂಬಿಗೆಯನ್ನೂ ತಂದಳು.

"ಒಯ್ಯಿ ನಮ್ಮವ್ವಾ, ಎಲ್ಲಾ ಒಯ್ಯಿ. ಹಾಳಾದ ಬೂದಿ. ನನ್ನ ತವರುಮನಿ ತಂಬಿಗಿಗೆ ಹ್ಯಾಂಗ ಗೀರು ಬಿದ್ದಾವ ನೋಡು. ಬೂದ್ಯಾಗ ಹಳ್ಳು ಹರಳು ಅದಾವ."

ತಂಬಿಗೆಯ ಮೈತುಂಬ ಹೊಸ ಗೀರುಗಳಿದ್ದವು. ಬೂದಿಯನ್ನು ಬೆರಳಲ್ಲಿ ತಿಕ್ಕಿದೆ. ಹಿಟ್ಟು ಉದುರಿ, ಸಾಸಿವೆಯಷ್ಟು, ಮೆಣಸಿನಷ್ಟು ದಪ್ಪದ ಕರೀ ಮಣಿಗಳು ಅಂಗೈಯಲ್ಲಿ ಉಳಿದವು. ಉಗುರಿಂದ ಒತ್ತಿದರೂ ಒಡೆಯಲಿಲ್ಲ. ಹತ್ತಿ ಎಷ್ಟು ಸುಟ್ಟರೂ ಮಣಿಯಾಗುವುದಿಲ್ಲ. ಟೆರಿಲಿನ್ ಉರಿಯುವಾಗ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಹೀಗೆ ಗಟ್ಟಿಯಾಗುತ್ತದೆ.

ಒಂಬತ್ತು ಮನೆಗಳಲ್ಲಿ ಬೂದಿ ಸಿಕ್ಕಿತು. ಒಂಬತ್ತರಲ್ಲೂ ಮಣಿ, ಒಂಬತ್ತರಲ್ಲೂ ಗೀರು ಬಿದ್ದ ಪಾತ್ರೆ. ಖಾತೂನಬೀ ಎಂಬಾಕೆ ತನ್ನ ಪಾಲಿನ ಅರ್ಧವನ್ನು ಹಿತ್ತಲಿನ ಮೆಣಸಿನ ಸಸಿಗಳಿಗೆ ಚೆಲ್ಲಿದ್ದಳು. ನೀರು ಹಾಕಿದ ಮೇಲೆ ಮಣಿಗಳು ಮಣ್ಣಿನ ಮೇಲೆ ಹೊಳೆಯುತ್ತಿದ್ದವು. ಇಬ್ಬರೂ ಕುಳಿತು ಆರಿಸಿದೆವು.

ಮರುದಿನ ಸಾಹೇಬರು ಅದೇ ಓಣಿಯ ಬೇವಿನ ಕಟ್ಟೆಯ ಮೇಲೆ ಬಿಳೀ ಬಟ್ಟೆ ಹಾಸಿ ಪಂಚನಾಮೆಗೆ, ಅಂದರೆ ಪಂಚರ ಸಾಕ್ಷಿಯಲ್ಲಿ ಕಂಡದ್ದನ್ನು ಬರೆಸಲು, ಕುಳಿತರು. ಬಜಾರಿನವರಿಂದಲೇ ಒಂದು ಟೆರಿಲಿನ್ ತುಂಡು ತರಿಸಿ ಎಲ್ಲರೆದುರು ಸುಟ್ಟು ಮಣಿ ಮಾಡಿ ಪಕ್ಕದಲ್ಲಿಟ್ಟರು. ಅಂಗಡಿ ಸಾರಿಸುವಾಗ ಹೊರಗೆ ಹಾಕಿದ, ಗಂಟಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳು ಕಮ್ಮಾರನ ಕುಲುಮೆಯ ಮುಂದೆ ಬಿದ್ದಿದ್ದವು. ಅವನ್ನೂ ತರಿಸಿ ಎಣಿಸಿದರು. ಸರಿಯಾಗಿ ಆರು ಗಂಟಿನವು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಬೂದಿ ಸುರಿದು, ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿದರು. ಅಲ್ಲಿಯವರೆಗೆ ಪಂಚರೆಂದರೆ ಗಂಡಸರೇ. ನಿಂತು ನೋಡುತ್ತಿದ್ದವರಲ್ಲಿ ಒಬ್ಬ, ಹೆಂಗಸರ ಪಂಚನಾಮೆ ಎಲ್ಲಿಯಾದರೂ ನಡೆಯುತ್ತದೆಯೇ ಎಂದು ನಕ್ಕ. "ಭಾಂಡೆ ತಿಕ್ಕೋರಿಗಿಂತ ಬೂದಿ ನಿಂಗ ಹೆಚ್ಚು ತಿಳೀತದೇನು? ತಿಳದ್ರ ಬಾ, ನೀನೂ ಹೆಬ್ಬೆಟ್ಟು ಒತ್ತು" ಎಂದರು ಸಾಹೇಬರು. ಅವನು ಜಾಗ ಬಿಟ್ಟ.

ಆಮೇಲೆ ಕಚೇರಿಯಲ್ಲಿ ಆದೇಶ ಬರೆಸಿದರು. ಆರೂ ಗಂಟು ಸುಟ್ಟದ್ದು ರುಜುವಾತಾಗಿದೆ, ಜಕಾತಿ ವಾಪಸು ಕೊಡತಕ್ಕದ್ದು ಎಂದು ಬರೆದಾಯಿತು. ಮುಂದೆ ಅವರು, ಸುಟ್ಟ ಜಾಗವನ್ನು ತಪಾಸಣೆಗೆ ಮೊದಲು ಸಾರಿಸಿದ್ದು ಈ ಕಚೇರಿಯ ಗುಮಾಸ್ತೆ ನೀಲಮ್ಮ ಒಪ್ಪಿಗೆ ಕೊಟ್ಟಿದ್ದರಿಂದ, ಅರ್ಜಿದಾರರ ತಪ್ಪಿಲ್ಲ, ಎಂದು ಹೇಳಿದರು. ನನ್ನ ಪೆನ್ನು ನಿಂತಿತು. ಅವರು ಎಲೆ ಅಡಿಕೆ ಜಗಿಯುತ್ತಾ ಕಿಟಕಿಯ ಹೊರಗೆ ನೋಡುತ್ತಾ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ, "ಶಾಯಿ ತೀರ್ತೇನು?" ಎಂದರು. ಬರೆದೆ. "ಅದರ ಕೆಳಗ ಇದೂ ಬರಿ. ಊರು ಬಿಡುವಾಗ ತಮ್ಮ ಬದಲಿಗೆ ಯಾರನ್ನೂ ನೇಮಿಸದೆ ಹೋದದ್ದು ಅಧಿಕಾರಿ ಖಾಜಾ ಸಾಹೇಬರ ತಪ್ಪು." ಅದನ್ನೂ ಬರೆದೆ. ಮೇಲಿನವರು ಕೇಳಿದರೆ ಏನು ಗತಿ ಎಂದು ನಾನು ಯೋಚಿಸುತ್ತಿದ್ದರೆ ಅವರು ಉರ್ದುವಿನಲ್ಲಿ ಸಹಿ ಎಳೆದು ಮುಗಿಸಿದ್ದರು.

ಸೊಲ್ಲಾಪುರದ ವ್ಯಾಪಾರಿಯ ಆಳು ಕಾಗದ ನೋಡಲು ಬಂದ. ಕಚೇರಿಯ ಸಾಕ್ಷಿ ಇರಲಿ ಎಂದು ಸಾಹುಕಾರರು ಸಾಹೇಬರನ್ನೂ ನನ್ನನ್ನೂ ಅಂಗಡಿಗೆ ಕರೆಸಿದ್ದರು. ಆ ಮನುಷ್ಯ ಕನ್ನಡ ಮಾತಾಡುತ್ತಿದ್ದ, ಆದರೆ ಓದಲು ಬರುತ್ತಿದ್ದದ್ದು ಮರಾಠಿ ಮಾತ್ರ. ಹಾಗಾಗಿ ಸಾಹುಕಾರರೇ ಅಂಗಡಿಯ ಕಟ್ಟೆಯ ಮೇಲೆ ನಿಂತು, ಬಜಾರಿನವರು ಸುತ್ತ ನೆರೆದಿರುವಾಗ, ಗಟ್ಟಿಯಾಗಿ ಓದಿದರು. ಗಂಟು, ಪಟ್ಟಿ, ಮಣಿ, ಒಂಬತ್ತು ಹೆಂಗಸರ ಹೆಸರು. ನನ್ನ ಹೆಸರಿದ್ದ ಸಾಲು ಬಂದಾಗ ಒಂದು ಉಸಿರು ಎಳೆದುಕೊಂಡು ಅದನ್ನು ದಾಟಿ ಮುಂದೆ ಓದಿದರು. ಬರೆದವಳಿಗೆ ಗೊತ್ತಾಗದೆ ಇರುತ್ತದೆಯೇ? ಸಾಹೇಬರಿಗೂ ಗೊತ್ತಾಯಿತು.

"ಕಲ್ಲಪ್ಪಾ, ಒಂದು ಸಾಲು ಬಿಟ್ರಿ."

"ಅವತ್ತಿನ ಹೊಗಿ ಕಣ್ಣಾಗ ಹೋಗ್ಯದರಿ ಸಾಹೇಬ್ರ. ಎಲ್ಲಾ ಸಾಲು ಕಾಣಂಗಿಲ್ಲ."

ಸೊಲ್ಲಾಪುರದವನ ಮುಖ ಬಿಗಿಯಿತು. ಏನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದ. ಸಾಹುಕಾರರು ಕಾಗದ ಮಡಿಸತೊಡಗಿದರು. ಇನ್ನು ಅರೆ ಗಳಿಗೆ ಸುಮ್ಮನಿದ್ದರೆ ಅವನು ಹಳೆಯ ಮಾತನ್ನೇ ನಂಬಿಕೊಂಡು ಎದ್ದು ಹೋಗುತ್ತಿದ್ದ. ನಾನು ಮೆಟ್ಟಿಲು ಹತ್ತಿ ಕಾಗದ ಇಸಿದುಕೊಂಡು ಆ ಸಾಲನ್ನು ಓದಿದೆ. ಅದರ ಕೆಳಗಿನ, ಸಾಹೇಬರ ಸಾಲನ್ನೂ ಓದಿದೆ. ನನ್ನ ದನಿ ಬಜಾರಿನ ಆಚೆ ಬದಿಯ ತನಕ ಕೇಳಿಸಿತಂತೆ, ಆಮೇಲೆ ಹೇಳಿದರು.

"ಆ ಗುಮಾಸ್ತೆ ಯಾರ್ರೀ?" ಎಂದ ಅವನು.

"ನಾನೇ."

ಅವನು ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ, ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ.

"ತಮ್ಮ ತಪ್ಪು ತಾವಽ ಬರಕೊಂಡ ಸರಕಾರಿ ಕಾಗದ ನಾ ಇವತ್ತಽ ನೋಡಿದ್ದು. ಇಂಥಾವ್ರು ಗಂಟು ಸುಟ್ಟಾವ ಅಂದ್ರ ಸುಟ್ಟಾವ. ಸಾಹುಕಾರ್ರ, ಮುಂದಿನ ಮಾಲು ಏನೇನು ಬೇಕು ಬರಸ್ರಿ."

ಎಂಟು ದಿನದ ಮೇಲೆ ಸೊಲ್ಲಾಪುರದ ಲಾರಿ ನಾಕೆಯಲ್ಲಿ ನಿಂತಿತು. ಕಲ್ಲಪ್ಪ ಸಾಹುಕಾರರ ಹೆಸರಿಗೆ ನಾಲ್ಕು ಗಂಟು, ಅದರಲ್ಲಿ ಒಂದು ಟೆರಿಲಿನ್. ನಾಕೆಯವನು ರಜೆಯಲ್ಲಿದ್ದುದರಿಂದ ರಸೀದಿ ಬರೆಯಲು ನನ್ನನ್ನೇ ಕಳಿಸಿದ್ದರು. ಸಾಹುಕಾರರು ಲಾರಿಯನ್ನು ಎದುರುಗೊಳ್ಳಲು ಊರೊಳಗಿಂದ ನಡೆದುಕೊಂಡು ಬಂದಿದ್ದರು. ನಾನು ಮುಖ ಎತ್ತಿ, ಅವರನ್ನೇ ನೋಡಿ, ದರ್ಜಿಯ ಅಂಗಡಿ ಇನ್ನೂ ಅಲ್ಲೇ ಇದೆಯೇ ಎಂದು ಕೇಳಿದೆ.

"ಅಲ್ಲೇ ಅದಾನ್ರಿ ಬಾಯೋರ. ನಡುವ ಕಲ್ಲಿನ ಗ್ವಾಡಿ ಕಟ್ಟಿಸೀನಿ" ಎಂದು ಅವರು ರಸೀದಿ ತೆಗೆದುಕೊಂಡು, ಲಾರಿಯ ಹಿಂದೆ ಊರೊಳಗೆ ಹೋದರು.